ಪೂವಯ್ಯ ಹೇಳಿದ ಇಸವಿ

ನಾಪೋಕ್ಲಿನ ಪೂವಯ್ಯ ಹುಟ್ಟಾ ಹೊಟ್ಟೆಕಿಚ್ಚಿನ ಮನುಷ್ಯ ಅಂತ ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಪಕ್ಕದ ತೋಟದವನ ಕಾಫಿ ತನ್ನದಕ್ಕಿಂತ ಚೆನ್ನಾಗಿ ಹೂ ಬಿಟ್ಟರೆ ‘ಬಿಡಲಿ, ಅವನೂ ಬದುಕಬೇಕಲ್ಲ’ ಅನ್ನುತ್ತಿದ್ದ. ತನ್ನ ತಮ್ಮ ಹೊಸ ಜೀಪು ತಂದಾಗ ಅದರಲ್ಲಿ ಮೊದಲು ಹತ್ತಿ ಕೂತು, ಪೇಟೆಗೆಲ್ಲ ಕಾಣುವ ಹಾಗೆ ಒಂದು ಸುತ್ತು ಹಾಕಿಸಿ ಬಂದವನೂ ಅವನೇ. ಆದರೆ ಪ್ರತಿ ಮನುಷ್ಯನಿಗೂ ಮುಟ್ಟಬಾರದ ಜಾಗ ಅಂತ ಒಂದು ಇರುತ್ತದಲ್ಲ, ಪೂವಯ್ಯನಿಗೆ ಆ ಜಾಗ ಇದ್ದದ್ದು ಅವನ ಮಂಚದ ಕೆಳಗಿನ ಕಬ್ಬಿಣದ ಟ್ರಂಕುಗಳಲ್ಲಿ. ಅಲ್ಲಿಗೆ ಕೈ ಹಾಕಿದವನು ಒಡಹುಟ್ಟಿದವನಾದರೂ ಸರಿ, ಪೂವಯ್ಯನ ಪಾಲಿಗೆ ಶತ್ರು.

ಟ್ರಂಕಿನಲ್ಲಿ ಬಂಗಾರ ಇರಲಿಲ್ಲ. ಕೋವಿ ಕಂಪನಿಗಳ ಹಳೆಯ ಕ್ಯಾಟಲಾಗುಗಳಿದ್ದವು. ಬಿಳಿಯರು ಎಸ್ಟೇಟು ನಡೆಸುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಕಂಪನಿಗಳು ಹಡಗಿನಲ್ಲಿ ಕಳಿಸುತ್ತಿದ್ದ ಪುಸ್ತಕಗಳು ಅವು. ಒಂದೊಂದು ಹಾಳೆಯಲ್ಲೂ ಕೋವಿಯ ಚಿತ್ರ, ಪಕ್ಕದಲ್ಲಿ ಅದರ ಗುಣಗಾನ, ಕೆಳಗೆ ಬೆಲೆ. ದೊರೆಗಳು ವರಾಂಡದಲ್ಲಿ ಕೂತು ಅದನ್ನು ತಿರುವಿಹಾಕಿ, ಬೇಕಾದ್ದಕ್ಕೆ ಗುರುತು ಹಾಕಿ ತರಿಸಿಕೊಳ್ಳುತ್ತಿದ್ದರು. ದೊರೆಗಳು ಹೋದರು, ಕೋವಿಗಳು ಕೈಯಿಂದ ಕೈಗೆ ದಾಟಿದವು, ಪುಸ್ತಕಗಳು ಮಾತ್ರ ಬಂಗಲೆಗಳ ಅಟ್ಟದಲ್ಲಿ ಬಿದ್ದವು. ಕೊಡಗಿನಲ್ಲಿ ಕೋವಿಯನ್ನು ಪ್ರೀತಿಸದವರು ಯಾರಿದ್ದಾರೆ? ಕೋವಿಯ ಪುಸ್ತಕವನ್ನು ಪ್ರೀತಿಸಿದವನು ಪೂವಯ್ಯ ಒಬ್ಬನೇ, ಅಂತ ಅವನು ತಿಳಿದುಕೊಂಡಿದ್ದ.

ಈ ಕ್ಯಾಟಲಾಗುಗಳದ್ದೊಂದು ತಮಾಷೆ ಉಂಟು. ಹೆಚ್ಚಿನವುಗಳ ಮೇಲೆ ಇಸವಿಯೇ ಇರುವುದಿಲ್ಲ. ಇಸವಿ ಹಾಕಿದರೆ ಮುಂದಿನ ವರ್ಷ ಪುಸ್ತಕ ಹಳತಾಗಿಬಿಡುತ್ತದಲ್ಲ, ವ್ಯಾಪಾರಿ ಬುದ್ಧಿ. ಹಾಗಾಗಿ ಇದು ಯಾವ ಕಾಲದ್ದು ಅಂತ ಕಂಡುಹಿಡಿಯುವುದೇ ದೊಡ್ಡ ವಿದ್ಯೆ. ಮಹಾರಾಣಿಯವರ ಇಲಾಖೆಗೆ ಕೋವಿ ಒದಗಿಸುವವರು ಅಂತ ಇದ್ದರೆ ರಾಣಿ ಬದುಕಿದ್ದಾಗಿನದು, ಅಂದರೆ 1901ಕ್ಕೆ ಮೊದಲಿನದು, ಮಹಾರಾಜರ ಅಂತ ಇದ್ದರೆ ಆಮೇಲಿನದು. ಯಾವ ವಸ್ತುಪ್ರದರ್ಶನದಲ್ಲಿ ಪದಕ ಬಂತು ಅಂತ ಮುದ್ರಿಸಿದ್ದಾರೋ ಅದಕ್ಕಿಂತ ಹಿಂದಿನದಂತೂ ಆಗಲಾರದು. ಬರೀ ತಂತಿ ವಿಳಾಸ ಇದೆಯೋ, ಟೆಲಿಫೋನು ನಂಬರೂ ಬಂದಿದೆಯೋ? ಹೊಗೆಯಿಲ್ಲದ ಮದ್ದು ತುಂಬಿದ ಗುಂಡಿನ ತೋಟೆಯನ್ನು ಹೊಸ ಸುದ್ದಿ ಅಂತ ಹೊಗಳಿದ್ದಾರೋ, ಮಾಮೂಲು ಅಂತ ಬರೆದಿದ್ದಾರೋ? ಇಷ್ಟನ್ನೆಲ್ಲ ನೋಡಿ, ಮೂಸಿ, ಕಾಗದವನ್ನು ಬೆಳಕಿಗೆ ಹಿಡಿದು ಪೂವಯ್ಯ ಒಂದು ಇಸವಿ ಹೇಳುತ್ತಿದ್ದ.

ಅವನು ಹೇಳಿದ ಮೇಲೆ ಮುಗಿಯಿತು. ಸಿದ್ದಾಪುರ ಕಡೆಯ ಎಸ್ಟೇಟಿನವರು, ವಿರಾಜಪೇಟೆಯ ವಕೀಲರು, ಮೈಸೂರಿನಿಂದ ಬರುವ ಹಳೇ ಸಾಮಾನಿನ ವ್ಯಾಪಾರಿಗಳು, ಎಲ್ಲರೂ ಅವನ ಜಗಲಿಗೆ ಬಂದು ಪುಸ್ತಕ ಮುಂದಿಟ್ಟು ಕೂರುತ್ತಿದ್ದರು. ಪೂವಯ್ಯ ಹೇಳಿದ್ದಾ, ಹಾಗಾದರೆ ಸರಿ ಎಂದು ಎದ್ದು ಹೋಗುತ್ತಿದ್ದರು. ಈ ಒಂದು ಮಾತಿಗಾಗಿ ಪೂವಯ್ಯ ಬದುಕಿದ್ದ ಅಂದರೂ ತಪ್ಪಿಲ್ಲ. ಮಕ್ಕಳು ಕೂಡ ಅವನು ಹೇಳಿದ ಮಾತು ಕೇಳುತ್ತಿರಲಿಲ್ಲ, ಇಸವಿಯ ವಿಷಯದಲ್ಲಿ ಮಾತ್ರ ಜಿಲ್ಲೆಗೆ ಜಿಲ್ಲೆಯೇ ಕೇಳುತ್ತಿತ್ತು.

ಅಂಥ ಜಗಲಿಗೆ ಒಂದು ದಿನ ಕುಶಾಲನಗರದ ಧರ್ಮೇಶ್ ಬಂದ. ಅವನ ತಂದೆ ಹಾಸನ ಕಡೆಯಿಂದ ಬಂದು ಜಮೀನು ಮಾಡಿದವರು. ಇವನು ಗದ್ದೆ ಉಳುವ ಟಿಲ್ಲರು, ಸ್ಪ್ರೇಯರು, ಕಳೆ ಕತ್ತರಿಸುವ ಮೆಷಿನ್ನು ಇವುಗಳ ಅಂಗಡಿ ಇಟ್ಟು, ಊರೂರು ಸುತ್ತಿ ರಿಪೇರಿಯನ್ನೂ ಮಾಡುತ್ತಿದ್ದ. ಎಲ್ಲೋ ಒಂದು ಬಂಗಲೆಯಲ್ಲಿ ಪಂಪು ರಿಪೇರಿಗೆ ಹೋದಾಗ ರದ್ದಿಯ ನಡುವೆ ಒಂದು ಕ್ಯಾಟಲಾಗು ಸಿಕ್ಕಿತಂತೆ, ಚಿತ್ರ ನೋಡಿ ಹುಚ್ಚು ಹಿಡಿಯಿತಂತೆ. ಪೂವಯ್ಯನ ಕಾಲ ಬಳಿ ಕೂತು ಕಲಿಯುವುದಕ್ಕೆ ಬಂದಿದ್ದ. ಪೂವಯ್ಯನಿಗೂ ಮೊದಮೊದಲು ಖುಷಿಯೇ. ಹೇಳಿಕೊಡಲು ಒಬ್ಬ ಸಿಕ್ಕಿದನಲ್ಲ ಅಂತ ರಾಣಿ, ರಾಜ, ಪದಕ, ತಂತಿ ವಿಳಾಸ ಎಲ್ಲವನ್ನೂ ಹೇಳಿಕೊಟ್ಟ.

ಹೇಳಿಕೊಟ್ಟದ್ದೇ ತಪ್ಪಾಯಿತು. ಟಿಲ್ಲರು ರಿಪೇರಿಯವನು ಹೋಗದ ಮನೆ ಯಾವುದಿದೆ ಹೇಳಿ? ಪೂವಯ್ಯ ವರ್ಷಕ್ಕೊಮ್ಮೆ ಮದುವೆಯ ನೆಪದಲ್ಲಿ ಹೋಗುತ್ತಿದ್ದ ಮನೆಗಳಿಗೆ ಧರ್ಮೇಶ್ ಸೀದಾ ಹಿಂದಿನ ಬಾಗಿಲಿಂದ ಹೋಗಿ, ಅಟ್ಟದಲ್ಲಿ ಹಳೇ ಪುಸ್ತಕ ಏನಾದರೂ ಇದೆಯಾ ಅಮ್ಮ ಅಂತ ಕೇಳಿಬಿಡುತ್ತಿದ್ದ. ನಾಲ್ಕು ವರ್ಷ ಆಗುವಷ್ಟರಲ್ಲಿ ಅವನ ಕಪಾಟು ತುಂಬಿತು. ಒಂದೊಂದನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಮೇಲೆ ಅಂದವಾದ ಅಕ್ಷರದಲ್ಲಿ ಇಸವಿ ಬರೆದಿಡುತ್ತಿದ್ದ.

“ಆ ಧರ್ಮೇಶ್ ಎಷ್ಟು ಚಂದ ಇಟ್ಟಿದ್ದಾನೆ ಗೊತ್ತುಂಟಾ? ಫೋನಲ್ಲಿ ಫೋಟೋ ತೋರಿಸಿದ. ನಿಮ್ಮದು ನೋಡಿ, ಟ್ರಂಕು ತೆಗೆದರೆ ಜಿರಲೆ” ಎಂದಳು ಪೂವಯ್ಯನ ಹೆಂಡತಿ ಪುಷ್ಪಾವತಿ.

“ಕೋವಿ ಹಿಡಿದು ಗೊತ್ತಿಲ್ಲದವನು ಕೋವಿ ಪುಸ್ತಕ ಇಟ್ಟುಕೊಂಡು ಎಂತ ಮಾಡ್ತಾನೆ? ಈಜು ಬಾರದವನಿಗೆ ದೋಣಿ ಯಾಕೆ?” ಎಂದ ಪೂವಯ್ಯ.

“ನೀವು ಕಡೆಯ ಸಲ ಕೋವಿ ಹಿಡಿದದ್ದು ಯಾವಾಗ?” ಎಂದು ಕೇಳಿ ಅವಳು ಒಳಗೆ ಹೋದಳು.

ಇಷ್ಟಾದರೂ ಪೂವಯ್ಯನ ಹತ್ತಿರ ಒಂದು ಸಮಾಧಾನ ಇತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಬರ್ಮಿಂಗ್‌ಹ್ಯಾಮಿನ ವಿದರ್‌ಸ್ಟನ್ ಅಂಡ್ ಪೇಲ್ ಕಂಪನಿಯ ದೊಡ್ಡ ಪುಸ್ತಕ ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು. ಆ ಕಂಪನಿಯ ಆಮೇಲಿನ ತೆಳು ಪುಸ್ತಕಗಳು ಅವನ ಟ್ರಂಕಿನಲ್ಲೇ ಇದ್ದವು. ಎಲ್ಲದರಲ್ಲೂ ‘ನಮ್ಮ ಹಿಂದಿನ ದೊಡ್ಡ ಪುಸ್ತಕದಲ್ಲಿ ತೋರಿಸಿದಂತೆ’ ಎಂಬ ಮಾತು. ಆ ದೊಡ್ಡ ಪುಸ್ತಕವನ್ನು ಅವನು ಪ್ರಾಯದಿಂದ ಹುಡುಕುತ್ತಿದ್ದ. ಕನಸಿನಲ್ಲಿ ಎಷ್ಟೋ ಸಲ ಅದರ ಹಾಳೆ ಮಗುಚಿದ್ದ. ಸಿಕ್ಕಿದ್ದು ಎಲ್ಲಿ? ನಾಪೋಕ್ಲಿನಿಂದ ಕೂಗಳತೆಯಲ್ಲಿ, ತನ್ನದೇ ದೂರದ ಸೋದರತ್ತೆ ಬೊಳ್ಳಮ್ಮನ ದೇವರ ಕೋಣೆಯಲ್ಲಿ.

ಅತ್ತೆಯ ಕಾಲು ಉಳುಕಿದೆ ಅಂತ ನೋಡಲು ಹೋದದ್ದು. ಮಳೆಗಾಲ, ನಾಟಿ ಶುರುವಾಗಿತ್ತು. ಅಲ್ಲಿ ಹಳೆಯ ಪದ್ಧತಿ ಇನ್ನೂ ಬಿಟ್ಟಿರಲಿಲ್ಲ. ಗದ್ದೆ ಕೆಲಸ ಹತ್ತಿದರೆ ಮನೆಯ ಕೋವಿಗಳನ್ನು ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಾರೆ. ನಾಟಿ ಮುಗಿದು ಕೈಲ್ ಮುಹೂರ್ತದ ದಿನ ಗಂಧ ಹಚ್ಚಿ, ನಳಿಗೆಗೆ ಕೋವಿಹೂವು ಸಿಕ್ಕಿಸಿ ಪೂಜೆ ಮಾಡುವ ತನಕ ಅವುಗಳನ್ನು ಮುಟ್ಟುವ ಹಾಗಿಲ್ಲ. ಬಾಗಿಲ ಸಂದಿಯಿಂದ ಇಣುಕಿದ ಪೂವಯ್ಯನಿಗೆ ಗೋಡೆಗೆ ಒರಗಿಸಿದ ಕೋವಿಗಳ ನಡುವೆ, ಕೆಂಪು ಬಟ್ಟೆ ಜಾರಿದ ಒಂದು ದಪ್ಪ ಪುಸ್ತಕ ಕಂಡಿತು. ಮೇಲೆ ಆ ಕಂಪನಿಯ ಹೆಸರು. ಬಾಗಿಲಿಗೆ ಹಣೆ ತಾಗುವಷ್ಟು ಬಗ್ಗಿ ಇನ್ನೊಮ್ಮೆ ಓದಿದ.

ಕೇಳಿಬಿಡಬಹುದಿತ್ತು. ಬಾಯಿಯ ತುದಿಗೆ ಬಂದಿತ್ತು. ಆದರೆ ಪೂವಯ್ಯ ನೇಮದ ಮನುಷ್ಯ. ಕೋವಿಯ ಜೊತೆ ಇಟ್ಟದ್ದು ಕೋವಿಯ ಲೆಕ್ಕವೇ, ವಿಶ್ರಾಂತಿಗೆ ಕೂತದ್ದನ್ನು ಹಬ್ಬಕ್ಕೆ ಮೊದಲು ಎಬ್ಬಿಸಬಾರದು ಅಂತ ತಾನೇ ತೀರ್ಮಾನ ಮಾಡಿಕೊಂಡ. ಪೂಜೆ ಆಗಲಿ, ಆಮೇಲೆ ಅತ್ತೆಯ ಕಾಲು ಹಿಡಿದು ಕೇಳೋಣ ಅಂತ ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಬಂದ. ಆ ಮಳೆಗಾಲವೆಲ್ಲ ಏನಾದರೂ ನೆಪ ಮಾಡಿಕೊಂಡು ಅತ್ತೆಯ ಮನೆಗೆ ಹೋಗುವುದು, ದೇವರ ಕೋಣೆಯ ಕಡೆ ಕೈ ಮುಗಿದು ನಿಲ್ಲುವುದು, ಪುಸ್ತಕ ಇದ್ದಲ್ಲೇ ಇದೆಯಾ ಅಂತ ನೋಡಿಕೊಂಡು ಬರುವುದು ಇದೇ ಆಯಿತು. ಕಡೆಕಡೆಗೆ ತನ್ನ ಗದ್ದೆಯ ನಾಟಿ ಹಿಂದೆ ಬಿದ್ದಿತೆಂದು ಅದರ ಗಡಿಬಿಡಿಯಲ್ಲಿ ಹೋಗಲಾಗಲಿಲ್ಲ.

ಹಬ್ಬದ ದಿನ ತನ್ನ ಮನೆಯ ಪೂಜೆ ಮುಗಿದದ್ದೇ ತಡ, ಎಲೆ ಮುಂದೆ ಕೂತವನು ಕಡುಬನ್ನು ಅರ್ಧಕ್ಕೇ ಬಿಟ್ಟು ಎದ್ದ. ಅತ್ತೆಯ ಮನೆಯ ದೇವರ ಕೋಣೆಯಲ್ಲಿ ಕೋವಿಗಳು ಗಂಧ ಹಚ್ಚಿಸಿಕೊಂಡು ಕಳೆಕಳೆಯಾಗಿ ನಿಂತಿದ್ದವು. ನಡುವಿನ ಜಾಗ ಖಾಲಿ.

“ಅತ್ತೆ, ಇಲ್ಲೊಂದು ಪುಸ್ತಕ ಇತ್ತಲ್ಲ?” ಎಂದು ಕೇಳಿದ ಪೂವಯ್ಯ.

“ಅದಾ? ಟಿಲ್ಲರು ಕೆಟ್ಟು ನಿಂತಿತ್ತು ಮಾರಾಯ, ನಾಟಿ ಸಮಯದಲ್ಲಿ. ಧರ್ಮೇಶ್ ಬಂದು ಸರಿ ಮಾಡಿ ಕೊಟ್ಟ. ಕೈ ತೊಳೆದು ಒಳಗೆ ಬಂದವನು ಕಂಡು, ಅಜ್ಜಿ ನನಗೆ ಕೊಡ್ತೀರಾ ಅಂತ ಕೇಳಿದ. ಕೊಟ್ಟೆ.”

“ಹಬ್ಬಕ್ಕೆ ಮೊದಲೇ?”

“ಕೋವಿ ಮುಟ್ಟಬಾರದು ಸರಿ. ಪುಸ್ತಕಕ್ಕೆ ಎಂತ? ನಮ್ಮ ಯಜಮಾನರು ಇದ್ದಾಗ ಅಲ್ಲಿ ಇಟ್ಟದ್ದು, ತೆಗೆಯುವವರು ಇಲ್ಲ ಅಂತ ಅಲ್ಲೇ ಇತ್ತು” ಎಂದಳು ಬೊಳ್ಳಮ್ಮ. ಪೂವಯ್ಯನ ಮುಖ ನೋಡಿ ಅವಳಿಗೂ ಪಾಪ ಅನಿಸಿತು. “ನಿನಗೆ ಬೇಕಿತ್ತಾ? ಬಂದಾಗಲೆಲ್ಲ ದೇವರ ಕೋಣೆಯ ಎದುರು ಕೈ ಮುಗಿದು ನಿಲ್ತಿದ್ದೆ. ನಾನು ನಿನಗೆ ಭಕ್ತಿ ಬಂದಿದೆ ಅಂತ ತಿಳಿದಿದ್ದೆ. ಬಾಯಿ ಬಿಟ್ಟು ಹೇಳುವುದಲ್ಲವಾ?”

ಪೂವಯ್ಯ ದಾರಿಯುದ್ದಕ್ಕೂ ಧರ್ಮೇಶನನ್ನು ಬಯ್ದುಕೊಂಡು ಬಂದ. ಮಡಿಯಿಲ್ಲ, ಮೈಲಿಗೆಯಿಲ್ಲ, ನೇಮ ಗೊತ್ತಿಲ್ಲ, ಎಣ್ಣೆ ಕೈಯಲ್ಲಿ ದೇವರ ಕೋಣೆಗೆ ನುಗ್ಗುವ ಜಾತಿ. ಕೈ ತೊಳೆದೇ ಬಂದಿದ್ದ ಅಂತ ಅತ್ತೆ ಹೇಳಿದ್ದು ನೆನಪಾದಾಗ ಸಿಟ್ಟು ಇನ್ನೂ ಹೆಚ್ಚಾಯಿತು. ತಾನು ಬೆಪ್ಪನ ಹಾಗೆ ಕಾದೆ, ಅವನು ಕೇಳಿದ, ಸಿಕ್ಕಿತು. ಇಷ್ಟೇ ಆಗಿದ್ದದ್ದು. ಇಷ್ಟೇ ಆಗಿದ್ದರಿಂದಲೇ ಅದನ್ನು ನುಂಗಿಕೊಳ್ಳುವುದಕ್ಕೆ ಆಗಲಿಲ್ಲ.

ಹಬ್ಬ ಕಳೆದ ಮೇಲೆ ಧರ್ಮೇಶನೇ ಪುಸ್ತಕ ಹಿಡಿದುಕೊಂಡು ಬಂದ. ಮುಖ ಅರಳಿತ್ತು. ಪುಷ್ಪಾವತಿ ಕಾಫಿ ಕೊಟ್ಟು, ಜೊತೆಗೆ ಯಾರೂ ಕೇಳದಿದ್ದರೂ ಚಕ್ಕುಲಿ ತಂದಿಟ್ಟಳು. ಪೂವಯ್ಯ ಒಬ್ಬನೇ ಕೂತಿದ್ದಾಗ ಆ ಚಕ್ಕುಲಿ ಡಬ್ಬಿಯಿಂದ ಹೊರಗೆ ಬಂದದ್ದಿಲ್ಲ.

“ಅಣ್ಣ, ನಾಟಿ ಗಲಾಟೆ ಮುಗೀಲಿ ಅಂತ ಕಾಯ್ತಿದ್ದೆ. ಇದನ್ನ ನಿಮಗೇ ಮೊದಲು ತೋರಿಸ್ಬೇಕು ಅಂತ ಯಾರಿಗೂ ತೋರಿಸಿಲ್ಲ. ಅಮ್ಮತ್ತೀಲಿ ಶಶಿಧರ ಸಾರ್ ಹಳೇ ವಸ್ತುಗಳ ಪ್ರದರ್ಶನ ಮಾಡ್ತಾವ್ರೆ. ನನ್ನವೆಲ್ಲ ಇಡು ಅಂದ್ರು. ಇದನ್ನ ಮಧ್ಯದ ಮೇಜಿಗೆ ಇಡೋಣ ಅಂತ. ನೀವೊಂದು ಇಸವಿ ಹೇಳಿಬಿಟ್ರೆ ಚೀಟಿ ಬರೆದುಬಿಡ್ತೀನಿ.”

ಪೂವಯ್ಯ ಪುಸ್ತಕ ತೆಗೆದುಕೊಂಡ. ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದ. ದೇವರ ಕೋಣೆಯ ಧೂಪದ ಹೊಗೆ ಕುಡಿದದ್ದಕ್ಕೋ ಏನೋ ಹುಳ ಮುಟ್ಟಿರಲಿಲ್ಲ, ಹಾಳೆ ನಿನ್ನೆ ಮೊನ್ನೆಯದರಂತೆ ಗಟ್ಟಿಯಾಗಿತ್ತು. ಮೊದಲ ಹಾಳೆಯಲ್ಲೇ ಮಹಾರಾಣಿಯವರ ಯುದ್ಧ ಇಲಾಖೆಗೆ ಕೋವಿ ಒದಗಿಸುವವರು ಎಂಬ ಸಾಲು. ಪದಕಗಳಲ್ಲಿ ಕಡೆಯದು ಪ್ಯಾರಿಸ್ಸಿನದು, 1889. ಟೆಲಿಫೋನಿನ ಸುಳಿವೇ ಇಲ್ಲ. ಕೊನೆಯ ಹಾಳೆಗಳಲ್ಲಿ ಹೊಗೆಯಿಲ್ಲದ ಮದ್ದಿನ ತೋಟೆ ಈಗಷ್ಟೇ ಬಂದಿದೆ ಎಂಬ ಸಡಗರ, ಒಂದು ಕೋವಿಯ ಕೆಳಗೆ ಕಳೆದ ವರ್ಷ, 1895ರಲ್ಲಿ, ಪೇಟೆಂಟು ಆದದ್ದು ಎಂಬ ಸಣ್ಣಕ್ಷರ. ಬೇರೇನೂ ಬೇಡ, ಕಣ್ಣು ಮುಚ್ಚಿ ಹೇಳಬಹುದಿತ್ತು. 1896. ಹೆಚ್ಚೆಂದರೆ 97.

ಆ ಇಸವಿ ನಾಲಿಗೆಯ ಮೇಲೆ ಬಂದು ಕೂತಿತ್ತು. ತಲೆಯೆತ್ತಿ ನೋಡಿದ. ಧರ್ಮೇಶ್ ಚಕ್ಕುಲಿಯನ್ನು ಕೈಯಲ್ಲಿ ಹಿಡಿದು ತಿನ್ನುವುದನ್ನೂ ಮರೆತು ಕಾಯುತ್ತಿದ್ದ. ನಾನು ಹೇಳಿದರೆ ಇದು ಜಿಲ್ಲೆಯಲ್ಲೇ ಅಪರೂಪದ ಕ್ಯಾಟಲಾಗು ಆಗುತ್ತದೆ, ಮಧ್ಯದ ಮೇಜು ಇವನದಾಗುತ್ತದೆ, ನಾಳೆ ಪುಸ್ತಕ ಹಿಡಿದುಕೊಂಡು ಬರುವವರು ಕುಶಾಲನಗರದ ಬಸ್ಸು ಹತ್ತುತ್ತಾರೆ ಅನಿಸಿತು ಪೂವಯ್ಯನಿಗೆ. ಪುಸ್ತಕ ಮುಚ್ಚಿದ.

“ಧರ್ಮೇಶಾ, ಬೇಜಾರು ಮಾಡಬೇಡ” ಎಂದ. “ಇದು ಮೂವತ್ತನಾಲ್ಕರದ್ದು.”

“ಸಾವಿರದ ಒಂಬೈನೂರ ಮೂವತ್ತನಾಲ್ಕಾ?” ಧರ್ಮೇಶನ ಮುಖ ಬಾಡಿತು. “ಮಹಾರಾಣಿ ಅಂತ ಇದೆಯಲ್ಲಣ್ಣ.”

“ಹಳೇ ಅಚ್ಚು. ಇಂಡಿಯಾಕ್ಕೆ ಕಳಿಸುವಾಗ ಹಳೇ ಅಚ್ಚಿನಲ್ಲೇ ಮತ್ತೆ ಒತ್ತಿ ಕಳಿಸ್ತಿದ್ದರು. ರಾಣಿ ಸತ್ತರೆ ಇಲ್ಲಿಯವರಿಗೆ ಎಂತ ಗೊತ್ತಾಗ್ತದೆ? ಕಾಗದ ಮುಟ್ಟಿ ನೋಡು. ಇದು ನೂರು ವರ್ಷ ದಾಟಿದ ಕಾಗದವಾ?”

ಧರ್ಮೇಶ್ ಮುಟ್ಟಿ ನೋಡಿದ. ತಲೆಯಾಡಿಸಿದ. ಅವನು ಒಂದು ಮಾತು ವಾದ ಮಾಡಿದ್ದರೂ ಪೂವಯ್ಯ ಸಿಟ್ಟು ಮಾಡಿಕೊಂಡು ಜಗಳ ತೆಗೆದು ಹಗುರಾಗುತ್ತಿದ್ದನೋ ಏನೋ. ಧರ್ಮೇಶ್ ಎರಡೂ ಕೈ ಜೋಡಿಸಿದ.

“ಬಂದು ಕೇಳಿದ್ದು ಒಳ್ಳೇದಾಯ್ತು ಅಣ್ಣ. ಇಲ್ಲಾಂದ್ರೆ ಅಷ್ಟು ಜನರ ಮುಂದೆ ಮರ್ಯಾದೆ ಹೋಗ್ತಿತ್ತು.”

“ಬೇಡದಿದ್ದರೆ ಇಲ್ಲೇ ಬಿಟ್ಟು ಹೋಗು. ಟ್ರಂಕಿನಲ್ಲಿ ಒಂದು ಮೂಲೆಗೆ ಬಿದ್ದಿರಲಿ” ಎಂದ ಪೂವಯ್ಯ, ತೀರಾ ಉದಾಸೀನದ ದನಿ ಮಾಡಿಕೊಂಡು.

“ಇಲ್ಲಣ್ಣ. ಅಜ್ಜಿ ಪ್ರೀತಿಯಿಂದ ಕೊಟ್ಟಿದ್ದು, ಯಾವ ಇಸವಿಯಾದ್ರೇನು” ಎಂದು ಅವನು ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ಆ ರಾತ್ರಿಯೂಟ ಪೂವಯ್ಯನಿಗೆ ಬಹಳ ರುಚಿಸಿತು. ಎರಡನೇ ಸಲ ಅನ್ನ ಹಾಕಿಸಿಕೊಂಡ. ಸುಳ್ಳು ಹೇಳಿದ ಪಾಪಪ್ರಜ್ಞೆ ಕಾಡಿತು ಅಂತ ನಾನು ಬರೆದರೆ ನೀವೂ ನಂಬಬೇಡಿ. ಕಾಡಲಿಲ್ಲ. ಪುಸ್ತಕ ಧರ್ಮೇಶನ ಹತ್ತಿರವೇ ಇದ್ದರೂ ಅದು ಏನು ಅಂತ ಗೊತ್ತಿರುವುದು ನನಗೊಬ್ಬನಿಗೇ ಎಂದು ಪೂವಯ್ಯ ಚಾಪೆಯ ಮೇಲೆ ಕಾಲು ಚಾಚಿ, ಅದರ ಅರ್ಧ ಒಡೆತನ ತನಗೇ ಬಂದಂತೆ ನೆಮ್ಮದಿಯಿಂದ ಎಲೆ ಅಡಿಕೆ ಹಾಕಿಕೊಂಡ.

ಪ್ರದರ್ಶನಕ್ಕೆ ಅವನ ಕ್ಯಾಟಲಾಗುಗಳನ್ನೂ ಕೇಳಿದ್ದರು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಶಶಿಧರ ಖುದ್ದು ಫೋನು ಮಾಡಿದ್ದರು. ಜಿರಲೆ ತಿಂದ ಪುಸ್ತಕಗಳನ್ನು ಧರ್ಮೇಶನ ಪ್ಲಾಸ್ಟಿಕ್ ಕವರುಗಳ ಪಕ್ಕ ಇಡುವುದೆಂದರೆ ಮದುಮಗನ ಪಕ್ಕ ಅಡುಗೆಯವನು ನಿಂತ ಹಾಗೆ ಎಂದುಕೊಂಡು ಪೂವಯ್ಯ, ನನಗೆ ಕೆಮ್ಮು ಅಂತ ಹೇಳಿ ತಪ್ಪಿಸಿಕೊಂಡಿದ್ದ. ಹೋಗುವುದೂ ಬೇಡ ಅಂತಲೇ ಇದ್ದ. ಆದರೆ ಅಂಥ ದಿನ ಮನೆಯಲ್ಲಿ ಕೂರಲು ಆಗುತ್ತದೆಯೇ? ಬೆಳಗಿನ ಬಸ್ಸು ಹಿಡಿದು ಅಮ್ಮತ್ತಿಯಲ್ಲಿ ಇಳಿದ.

ಸಭಾಭವನದಲ್ಲಿ ಜನ ಸೇರಿದ್ದರು. ಒಂದು ಕಡೆ ಹಳೇ ಕಾಫಿ ಯಂತ್ರ, ಒಂದು ಕಡೆ ಕೊಡವರು ಬೆನ್ನಿಗೆ ಸಿಕ್ಕಿಸುವ ಒಡಿಕತ್ತಿಗಳು. ಕ್ಯಾಟಲಾಗುಗಳಿಗೆ ಕಿಟಕಿಯ ಪಕ್ಕದ ಸಾಲು ಕೊಟ್ಟಿದ್ದರು. ಮಧ್ಯದ ಮೇಜಿನ ಮೇಲೆ ಕಾಫಿ ಯಂತ್ರ ಕೂತದ್ದು ನೋಡಿ ಪೂವಯ್ಯನಿಗೆ ಮೊದಲ ಸುಖ. ಮೆಲ್ಲಗೆ ಕಿಟಕಿಯ ಕಡೆ ಬಂದು, ಬಗ್ಗಿ ಮೊದಲ ಚೀಟಿ ಓದಿದ.

‘ಸುಮಾರು 1932. ಹಳೆಯ ಅಚ್ಚಿನ ಮರುಮುದ್ರಣ.’

ಇದು ಬೇರೆ ಕಂಪನಿಯದು. ಸಿದ್ದಾಪುರದ ಬಂಗಲೆಯಲ್ಲಿ ಸಿಕ್ಕಿದ್ದು, 1899ರದ್ದು ಅಂತ ಎರಡು ವರ್ಷದ ಹಿಂದೆ ಸ್ವತಃ ಪೂವಯ್ಯನೇ ಹೇಳಿದ್ದ. ಪಕ್ಕದ್ದು ನೋಡಿದ. ‘ಸುಮಾರು 1935. ಮರುಮುದ್ರಣ.’ ಅದರ ಪಕ್ಕದ್ದು, ಅದರಾಚೆಯದು, ಸಾಲಿಗೆ ಸಾಲೇ ಮೂವತ್ತರ ದಶಕಕ್ಕೆ ಬಂದು ಕೂತಿತ್ತು. ರಾಣಿಯ ಹೆಸರಿದ್ದ ಒಂದನ್ನೂ ಬಿಟ್ಟಿರಲಿಲ್ಲ. ಸಾಲಿನ ಕೊನೆಯಲ್ಲಿ ವಿದರ್‌ಸ್ಟನ್ ಅಂಡ್ ಪೇಲ್. ಗೋಡೆಯ ಮೇಲೆ ಅಂದವಾದ ಅಕ್ಷರದಲ್ಲಿ ದೊಡ್ಡದಾಗಿ ಬರೆದ ಹಲಗೆ: ‘ಎಲ್ಲ ಇಸವಿಗಳೂ ನಾಪೋಕ್ಲಿನ ಶ್ರೀ ಪೂವಯ್ಯನವರು ಕಲಿಸಿದ ಕ್ರಮದಂತೆ.’

ಪೂವಯ್ಯ ಆ ಹಲಗೆಯನ್ನು ಎರಡೆರಡು ಸಲ ಓದಿದ. ಹಿಂದೆ ಸರಿದು ಜನರ ನಡುವೆ ಕರಗಿಬಿಡೋಣ ಅನ್ನುವಷ್ಟರಲ್ಲಿ ಶಶಿಧರ ನೋಡಿದರು.

“ಬನ್ನಿ ಬನ್ನಿ ಪೂವಯ್ಯ, ಒಳ್ಳೇ ಹೊತ್ತಿಗೆ ಬಂದಿರಿ. ಇಲ್ಲೊಂದು ಅನುಮಾನ. ಇದರಲ್ಲಿ ಮಹಾರಾಣಿ ಅಂತ ಇದೆ. ಮೂವತ್ತನಾಲ್ಕರಲ್ಲಿ ಇದ್ದದ್ದು ರಾಜ. ನನಗೆ ಕೋವಿ ಗೊತ್ತಿಲ್ಲ, ರಾಣಿ ರಾಜ ಗೊತ್ತು. ಒಂದು ಪುಸ್ತಕ ಹಾಗಾದರೆ ಸರಿ. ಎಲ್ಲ ಕಂಪನಿಯವರೂ ಹಳೇ ಅಚ್ಚನ್ನೇ ಒತ್ತುತ್ತಾ ಕೂತಿದ್ದರಾ?”

ಸುತ್ತ ನಿಂತವರಲ್ಲಿ ಯಾರೋ ನಕ್ಕರು. “ಟಿಲ್ಲರು ರಿಪೇರಿಯವನಿಗೆ ಇದೆಲ್ಲ ಎಂತ ಗೊತ್ತು ಸಾರ್” ಎಂದಿತು ಒಂದು ದನಿ. ನಿಜ ಹೇಳಬೇಕೆಂದರೆ ಆ ಕ್ಷಣ ಪೂವಯ್ಯನಿಗೆ ಹಾಯೆನಿಸಿತು. ಬಾಯಿಗೆ ಬೆಲ್ಲ ಹಾಕಿದಂತಾಯಿತು. ಆದರೆ ಧರ್ಮೇಶ್ ಮುಂದೆ ಬಂದು ನಿಂತ.

“ಸಾರ್, ಅನುಮಾನ ಬೇಡ. ಅಣ್ಣ ಹೇಳಿದ ಮೇಲೆ ಮುಗೀತು. ನಾನೂ ನಿಮ್ಮ ಹಂಗೇ ರಾಣಿ ನೋಡಿ ತೊಂಬತ್ತಾರು ಅಂತ ಪೆನ್ಸಿಲಲ್ಲಿ ಬರ್ಕೊಂಡಿದ್ದೆ. ಅಣ್ಣನ್ನ ಕೇಳಿದ ಮೇಲೆ ಗೊತ್ತಾಯ್ತು, ನಾನು ಕಲಿತಿದ್ದೇ ತಪ್ಪು ಅಂತ. ಇದೊಂದು ತಪ್ಪಾದ್ರೆ ಹಿಂದಿನವೂ ಅದೇ ಲೆಕ್ಕದಲ್ಲಿ ಬರೆದಿದ್ದಲ್ವಾ? ಹಳೇ ಚೀಟಿ ಎಲ್ಲ ಹರಿದು ಹಾಕಿ ಮೊದಲಿಂದ ಮಾಡ್ದೆ. ಮಕ್ಕಳು ಮರಿ ಎಲ್ಲ ಬಯ್ತಾವ್ರೆ, ಅಂಗಡಿ ಬಿಟ್ಟು ಇದೇ ಮಾಡ್ತೀಯ ಅಂತ.”

ತೊಂಬತ್ತಾರು. ಯಾರ ಸಹಾಯವೂ ಇಲ್ಲದೆ, ಪೂವಯ್ಯ ಕಂಡುಹಿಡಿದ ಇಸವಿಯನ್ನೇ ಅವನೂ ಕಂಡುಹಿಡಿದಿದ್ದ. ಪೂವಯ್ಯನಿಗೆ ಮೊದಲು ಉರಿದದ್ದು ಅದಕ್ಕೇ. ನಾಲ್ಕು ವರ್ಷದಲ್ಲಿ ಇವನಿಗೆ ಬಂದ ವಿದ್ಯೆ ನನಗೆ ಬರಬೇಕಾದರೆ ತಲೆ ಹಣ್ಣಾಗಬೇಕಾಯಿತಲ್ಲ ಅಂತ. ಆಮೇಲೆ ಉಳಿದದ್ದು ತಿಳಿಯಿತು. ಆ ವಿದ್ಯೆಯನ್ನು ಇವನು ತನ್ನ ಕೈಯಾರೆ ಹರಿದು ಹಾಕಿದ್ದ. ಪೂವಯ್ಯನ ಒಂದು ಮಾತಿಗೆ.

ಶಶಿಧರ ಮಾತು ತೇಲಿಸಲು ನೋಡಿದರು. ಒಳ್ಳೆಯ ಮನುಷ್ಯ, ಹಿರಿಯರ ಮುಖ ಉಳಿಸುವುದು ಅವರಿಗೆ ಗೊತ್ತಿತ್ತು. ಪೂವಯ್ಯನ ಹೆಗಲ ಮೇಲೆ ಕೈಯಿಟ್ಟು, “ಹೋಗಲಿ ಬಿಡಿ. ವಯಸ್ಸಾಯಿತಲ್ಲ, ನಮ್ಮೆಲ್ಲರಿಗೂ ಕಣ್ಣು ಮೊದಲಿನ ಹಾಗೆ ಇಲ್ಲ. ಪೂವಯ್ಯನವರಿಗೆ ಒಂದು ಸಲ ಗೊತ್ತಾಗದೆ ಇರಬಹುದು. ಚೀಟಿಯಲ್ಲಿ ಇಸವಿ ಬೇಡ, ಹಳೆಯದು ಅಂತ ಮಾತ್ರ ಬರೆಯೋಣ” ಎಂದರು.

ಅಲ್ಲಿ ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಹೌದು, ಕಣ್ಣು ಮಂಜು ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು, ಕುರ್ಚಿ ಹಾಕಿ ಕೂರಿಸಿ ಕಾಫಿ ಕೊಡುತ್ತಿದ್ದರು. ಆದರೆ ‘ಪೂವಯ್ಯನಿಗೆ ಗೊತ್ತಾಗಲಿಲ್ಲ’ ಅನ್ನುವ ಮಾತು ಪೂವಯ್ಯನ ಕಿವಿಗೆ ಕಾದ ಸೀಸ ಹೊಯ್ದ ಹಾಗೆ ಇಳಿಯಿತು. ಸತ್ಯವಂತನಾಗಬೇಕು ಅಂತ ಅವನು ಬಾಯಿ ತೆರೆದದ್ದಲ್ಲ. ಧರ್ಮೇಶನ ಮೇಲಿನ ಕರುಣೆ ಕೂಡ ಅರ್ಧವೇ. ಗೊತ್ತಿಲ್ಲದವನು ಅನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವನು ಅನ್ನಿಸಿಕೊಳ್ಳುವುದೇ ಅವನಿಗೆ ಮೇಲು ಅನಿಸಿತು.

“ನನಗೆ ಗೊತ್ತಿತ್ತು” ಎಂದ ಪೂವಯ್ಯ. ಹೆಗಲ ಮೇಲಿನ ಕೈಯನ್ನು ತೆಗೆದಿಟ್ಟ. “ನೋಡಿದ ಕೂಡಲೇ ಗೊತ್ತಿತ್ತು. ಅದು ತೊಂಬತ್ತಾರರದ್ದೇ. ನಾನು ಬೇಕೂಂತ ಸುಳ್ಳು ಹೇಳಿದೆ.”

“ಯಾಕಣ್ಣ?” ಎಂದ ಧರ್ಮೇಶ್. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ಹೊಟ್ಟೆಕಿಚ್ಚು ಮಾರಾಯ. ಇನ್ನೆಂತ? ಆ ಪುಸ್ತಕಕ್ಕೆ ನಾನು ಜೀವಮಾನ ಕಾದದ್ದು. ನಿನಗೆ ಟಿಲ್ಲರು ರಿಪೇರಿಗೆ ಹೋದಾಗ ಸಿಕ್ಕಿತು. ನನ್ನ ಹೊಟ್ಟೆ ಉರಿಯದೆ ಇನ್ಯಾರದ್ದು ಉರಿಯಬೇಕು?”

ನಗುತ್ತಿದ್ದವರು ಒಡಿಕತ್ತಿ ನೋಡಲು ಹೋದರು. ಪೂವಯ್ಯನಿಗೆ ನಾಚಿಕೆಯ ಜೊತೆಗೇ ಒಂಥರಾ ಹುರುಪು ಬಂದಿತ್ತು. ಹೇಳಿ ಆಯಿತಲ್ಲ, ಇನ್ನು ಎಲ್ಲ ಸರಿ ಮಾಡಿಬಿಡೋಣ, ತನಗೆ ಎಷ್ಟು ಗೊತ್ತಿದೆ ಅಂತ ಇವರೆಲ್ಲ ನೋಡಲಿ. ಸಾಲಿನ ಈ ತುದಿಗೆ ಬಂದು ಬೆರಳು ತೋರಿಸುತ್ತಾ ಹೊರಟ.

“ಬರೆದುಕೋ. ಇದು ತೊಂಬತ್ತೊಂಬತ್ತು. ಮುದ್ರಣ ಆದದ್ದು ರಾಣಿ ಸಾಯುವ ಮೊದಲು, ಆದರೆ ಬೆಲೆಯ ಚೀಟಿ ಆಮೇಲೆ ಅಂಟಿಸಿದ್ದು. ಇದು ತೊಂಬತ್ತೆರಡು, ಹೊಗೆಯಿಲ್ಲದ ಮದ್ದಿನ ಮಾತೇ ಇಲ್ಲ ನೋಡು. ಇದು ಒಂದು ವರ್ಷ ಹೆಚ್ಚು ಕಡಿಮೆ ಇರಬಹುದು, ತೊಂಬತ್ತೈದು ಅಂತ ಹಾಕು.”

ಒಂದೊಂದರ ಮುಂದೆ ನಿಂತಾಗಲೂ ಒಳಗೆ ಚುರುಕ್ ಅನ್ನುತ್ತಿತ್ತು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಒಂದು ಮೂಲೆ ಕೂಡ ಮಡಚಿರಲಿಲ್ಲ. ಇಷ್ಟೆಲ್ಲ ಒಳ್ಳೆಯ ಇಸವಿಗಳನ್ನು ತನ್ನ ಬಾಯಿಂದಲೇ ಇವನಿಗೆ ದಾನ ಮಾಡುವ ಹಣೆಬರಹ ಬಂತಲ್ಲ ಅಂದುಕೊಳ್ಳುತ್ತಲೇ ಸಾಲಿನ ಕೊನೆಗೆ ಬಂದು, ವಿದರ್‌ಸ್ಟನ್ ಅಂಡ್ ಪೇಲ್ ಮುಂದೆ ನಿಂತ.

“ಇದು 1896. ಹಾಕು” ಎಂದು ತಿರುಗಿ ನೋಡಿದ.

ಧರ್ಮೇಶ್ ಹಿಂದೆಯೇ ಬಂದಿದ್ದ. ಕೈಯಲ್ಲಿ ಪೆನ್ನು ಇತ್ತು, ಹೊಸ ಚೀಟಿಗಳೂ ಇದ್ದವು. ಒಂದರ ಮೇಲೂ ಏನೂ ಬರೆದಿರಲಿಲ್ಲ. ಮುಖದಲ್ಲಿ ಸಿಟ್ಟಿರಲಿಲ್ಲ. ಕೆಟ್ಟ ಟಿಲ್ಲರಿನ ಮುಂದೆ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗದೆ ನಿಂತವನ ಹಾಗೆ ಇದ್ದ.

“ಏನಾಯಿತು, ಬರಿ” ಎಂದ ಪೂವಯ್ಯ.

“ಬರೀತೀನಣ್ಣ” ಎಂದು ಧರ್ಮೇಶ್ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಪೂವಯ್ಯನನ್ನು ದಾಟಿ ಶಶಿಧರರ ಹತ್ತಿರ ಹೋಗಿ, ಮೆಲ್ಲಗೆ, ಮರ್ಯಾದೆಯಿಂದಲೇ ಕೇಳಿದ. “ಸಾರ್, ಅಣ್ಣ ತೊಂಬತ್ತಾರು ಅಂತಾವ್ರೆ. ನೀವೊಂದ್ಸಲ ನೋಡಿ ಹೇಳ್ತೀರಾ, ಸರೀನಾ ಅಂತ?”

ಕೋವಿಯ ಗಂಧಗಾಳಿ ಇಲ್ಲದ ಶಶಿಧರ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಮೊದಲ ಹಾಳೆಯ ಮೇಲೆ ಬಗ್ಗಿದರು. ಅವರು ಏನು ಹೇಳುತ್ತಾರೋ ಅಂತ ಪೂವಯ್ಯನೂ ಉಳಿದವರ ಜೊತೆ ಕಾಯುತ್ತಾ ನಿಂತ.